ಮಾಮರದ ಅಪ್ಪುಗಿಡ

ದೆಂಕಣಿಕೋಟೆಯ ಕಡೆಯ ನಮ್ಮ ಶಾಲೆಯ ಅಂಗಳದಲ್ಲಿ ಒಂದು ಹಳೆಯ ಮಾಮರವಿದೆ. ಅದರ ಕೊಂಬೆಯ ಮೇಲೆ ದಪ್ಪನೆಯ, ಪಟ್ಟಿಯಂಥ ಎಲೆಗಳ ಗಿಡವೊಂದು ಬಹುಕಾಲದಿಂದ ಬೆಳೆದಿತ್ತು. ಊರವರು ಅದನ್ನು ಬದನಿಕೆ ಎನ್ನುತ್ತಿದ್ದರು. ನಾವೂ ಹಾಗೆಯೇ ನಂಬಿ, ಮರದ ರಸ ಹೀರಿ ಬದುಕುವ ಪರಾವಲಂಬಿ ಸಸ್ಯಕ್ಕೆ ಅದನ್ನೇ ಉದಾಹರಣೆಯಾಗಿ ತೋರಿಸಿ ಅನೇಕ ವರ್ಷ ಪಾಠ ಹೇಳಿದೆವು.

ಒಂದು ಬೇಸಗೆಯಲ್ಲಿ ಅಂಗಳ ಶುಚಿ ಮಾಡಿಸುವಾಗ ಅದನ್ನೂ ಕೀಳಿಸಿದೆವು. ಕೆಳಗೆ ಬಿದ್ದ ಗಿಡವನ್ನು ಎತ್ತಿಕೊಂಡ ಆರನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ಇದರ ಬೇರು ಮರದೊಳಕ್ಕೆ ಹೋಗೇ ಇಲ್ಲವಲ್ಲ, ರಸ ಹೇಗೆ ಕುಡಿಯಿತು?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಪಕ್ಕದ ತೋಟದಿಂದ ನಿಜವಾದ ಬದನಿಕೆ ಹಿಡಿದ ಕೊಂಬೆಯೊಂದನ್ನು ತರಿಸಿ ಸೀಳಿ ನೋಡಿದೆವು. ಅದು ಕಟ್ಟಿಗೆಯೊಳಗೇ ಬೆಸೆದುಕೊಂಡಿತ್ತು. ನಮ್ಮ ಗಿಡದ ಬೇರುಗಳಾದರೋ ತೊಗಟೆಯನ್ನು ಅಪ್ಪಿ ಹಿಡಿದಿದ್ದುವು, ಅಷ್ಟೆ.

ಆಮೇಲೆ ಪುಸ್ತಕಗಳನ್ನು ತಿರುವಿ ತಿಳಿದೆವು. ಅದು ಆರ್ಕಿಡ್ ಕುಟುಂಬದ ಅಪ್ಪುಗಿಡ. ಅಕಾಂಪೆ ಪ್ರೇಮಾರ್ಸಾ ಎಂಬುದು ಶಾಸ್ತ್ರೀಯ ನಾಮ. ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲಿ ತನ್ನ ಕೋರಮಂಡಲ ತೀರದ ಸಸ್ಯಗಳ ಗ್ರಂಥದಲ್ಲಿ ಇದನ್ನು ವರ್ಣಿಸಿದನು. ಎಲೆಯ ತುದಿ ಯಾರೋ ಕಚ್ಚಿ ತುಂಡರಿಸಿದಂತಿರುವುದರಿಂದ ಆ ಹೆಸರು. ಹೂವು ಸುಮಾರು ಒಂದು ಸೆಂಟಿಮೀಟರಿನಷ್ಟು. ಹಳದಿಯ ಮೇಲೆ ಕೆಂಗಂದು ಪಟ್ಟೆ, ಬಿಳಿಯ ತುಟಿ. ಬೇರಿಗೆ ಸ್ಪಂಜಿನಂಥ ಹೊದಿಕೆಯುಂಟು. ಮಳೆಯ ನೀರನ್ನೂ ಅದರೊಡನೆ ಹರಿದು ಬರುವ ಲವಣಗಳನ್ನೂ ಅದು ಹೀರಿಕೊಳ್ಳುತ್ತದೆ. ಬಿಸಿಲಿನ ಬಲದಿಂದ ತನ್ನ ಆಹಾರವನ್ನು ಎಲೆಗಳಲ್ಲೇ ಸಿದ್ಧಪಡಿಸಿಕೊಳ್ಳುತ್ತದೆ. ಮರದಿಂದ ಬೇಡುವುದು ನಿಲ್ಲುವ ಎಡೆಯನ್ನು ಮಾತ್ರ. ಬೀಜಗಳು ಧೂಳಿನಂತೆ, ಒಳಗೆ ಬುತ್ತಿಯಿಲ್ಲ. ತಕ್ಕ ಶಿಲೀಂಧ್ರದ ನೆರವು ದೊರೆತಲ್ಲದೆ ಅವು ಮೊಳೆಯವು. ಹಾಗೆ ಬೆಳೆದುದನ್ನು ಕಿತ್ತೆಸೆಯಲು ನಮಗೆ ಹಿಡಿದದ್ದು ಅರ್ಧ ಗಳಿಗೆ.

ಹಸಿರಾಗಿ ಉಳಿದಿದ್ದ ಒಂದು ತುಂಡನ್ನು ಆ ಹುಡುಗಿಯ ಕೈಯಿಂದಲೇ ತೆಂಗಿನ ನಾರಿನಲ್ಲಿ ಅದೇ ಕೊಂಬೆಗೆ ಕಟ್ಟಿಸಿದೆವು. ಮರುದಿನ ಪ್ರಾರ್ಥನೆಯ ವೇಳೆ, ಇಷ್ಟು ವರ್ಷ ತಪ್ಪು ಪಾಠ ಹೇಳಿದೆವೆಂದು ಮಕ್ಕಳೆದುರು ಒಪ್ಪಿಕೊಂಡೆವು. ನೋಡಿ ಕಲಿಸಬೇಕೆಂದು ತರಬೇತಿ ಶಾಲೆಯಲ್ಲಿ ಓದಿ ಬಂದವರು ನಾವು. ಅದಕ್ಕಿಂತ ಹೆಚ್ಚಾಗಿ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯ ಈಚೆಗೇ ಉಳಿದು, ನೆರೆನುಡಿಯ ಆಸರೆಯಲ್ಲಿ ನಿಂತು ನಮ್ಮ ನುಡಿಯ ಬುತ್ತಿಯನ್ನು ನಾವೇ ದುಡಿದುಕೊಂಡ ಮನೆತನಗಳವರು. ನಮಗೇ ಈ ಭೇದ ಕಾಣದೆ ಹೋದದ್ದು ಇಂದಿಗೂ ನಾಚಿಕೆ.

ಮೂರನೆಯ ಬೇಸಗೆಯಲ್ಲಿ ಅದು ಹೂಬಿಟ್ಟಿತು. ಹುಡುಗಿ ಆಗ ಪ್ರೌಢಶಾಲೆ ಸೇರಿದ್ದಳು, ಸುದ್ದಿ ಮುಟ್ಟಿಸಿದೆವು. ವಾಚಕರೂ ತಮ್ಮ ತೋಟದ ಮರಕ್ಕೆ ಕತ್ತಿ ಹಿಡಿಯುವ ಮುನ್ನ ಬೇರನ್ನೊಮ್ಮೆ ನೋಡಲಿ ಎಂಬುದು ನಮ್ಮ ಬಿನ್ನಹ.