ಕಾರ್ಡಿನ ಯಂತ್ರವೂ ಗುಲಗಂಜಿಯ ತೂಕವೂ

ಮೂವತ್ತಮೂರು ವರ್ಷ ಮಕ್ಕಳಿಗೆ ರಾಮಶಬ್ದವನ್ನೂ ಸಂಧಿಕಾರ್ಯಗಳನ್ನೂ ಹೇಳಿಕೊಟ್ಟು, ಈಗ ನಿವೃತ್ತನಾಗಿ ನಂಜನಗೂಡಿನಲ್ಲಿ ಕುಳಿತಿರುವ ಒಬ್ಬ ಉಪಾಧ್ಯಾಯನಿಗೂ ಅಂಗಡಿಯವರ ಕಾರ್ಡಿನ ಯಂತ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವೇನೂ ಇರಲಿಲ್ಲ. ಇಲ್ಲದಿದ್ದ ಸಂಬಂಧವನ್ನು ನಾನಾಗಿಯೇ ಕಲ್ಪಿಸಿಕೊಂಡೆನು; ಅದರ ಫಲವನ್ನು ನನ್ನ ತಂಗಿಯ ಮನೆಯವರು ಒಂದು ವರ್ಷ ಅನುಭವಿಸಿದರು. ಆ ಸಂಗತಿಯನ್ನು ಮರೆಮಾಚದೆ ಬರೆದರೆ, ಮನೆಯಲ್ಲಿ ಸಣ್ಣ ವ್ಯಾಪಾರವನ್ನು ಇಟ್ಟುಕೊಂಡಿರುವ ನಾಲ್ಕು ಜನಕ್ಕಾದರೂ ಉಪಯೋಗವಾದೀತೆಂದು ಈ ಲೇಖನ.

ನನ್ನ ತಂಗಿ ಗಂಡನನ್ನು ಕಳೆದುಕೊಂಡ ಮೇಲೆ ತಿರುಮಕೂಡಲು ನರಸೀಪುರದಲ್ಲಿ ಮಗನೊಡನೆ ಇದ್ದಾಳೆ. ನಮ್ಮೂರಿನ ಕಪಿಲೆ ಸುತ್ತೂರನ್ನು ಹಾಯ್ದು ಅಲ್ಲಿಯೇ ಕಾವೇರಿಯನ್ನು ಕೂಡುವಳಷ್ಟೆ. ನದಿ ಹೋದ ದಾರಿಯಲ್ಲಿಯೇ ನಾನೂ ತಿಂಗಳಿಗೊಂದು ಸಲ ಬಸ್ಸಿನಲ್ಲಿ ಹೋಗಿ ಬರುವುದುಂಟು. ಸೋದರಳಿಯನಿಗೆ ಅಲ್ಲಿ ಒಂದು ಜವಳಿ ಅಂಗಡಿಯಿದೆ. ದೊಡ್ಡದಲ್ಲ, ಎರಡು ಕಪಾಟು ರೇಷ್ಮೆ, ಉಳಿದದ್ದು ನೂಲಿನ ಸೀರೆ, ಪಂಚೆ, ಟವಲು. ಮದುವೆಯ ಕಾಲದಲ್ಲಿ ಮೈಸೂರು ಬೆಂಗಳೂರುಗಳಲ್ಲಿ ಕೆಲಸದಲ್ಲಿರುವವರು ಊರಿಗೆ ಬಂದಾಗ ಅಲ್ಲಿ ಜವಳಿ ತೆಗೆಯುತ್ತಾರೆ. ಅಂಥವರು ಕ್ರೆಡಿಟ್ ಕಾರ್ಡನ್ನು ಮುಂದೆ ಹಿಡಿಯುತ್ತಾರೆ. ಏಕೆಂದರೆ ಇಂದು ಕೊಂಡದ್ದಕ್ಕೆ ತಿಂಗಳು ಒಂದೂವರೆ ತಿಂಗಳ ಮೇಲೆ, ಬಡ್ಡಿಯಿಲ್ಲದೆ, ಹಣ ಕಟ್ಟುವ ಸೌಕರ್ಯ ಅವರಿಗುಂಟು. “ಕಾರ್ಡು ನಡೆಯುವುದಿಲ್ಲವೆಂದರೆ ಗಿರಾಕಿ ಮೈಸೂರಿಗೇ ಹೋಗಿಬಿಡುತ್ತಾನೆ ಮಾವ” ಎಂದು ಅಳಿಯನು 2024ರ ದಸರೆಯ ಹೊತ್ತಿಗೆ ನನ್ನೊಡನೆ ಹೇಳಿದನು.

ಆಗ ನನಗೆ ನೆನಪಾದವನು ನನ್ನ ಹಳೆಯ ಶಿಷ್ಯನೊಬ್ಬ. ಇಂಥ ಯಂತ್ರಗಳನ್ನು ಅಂಗಡಿಗಳಿಗೆ ಒದಗಿಸುವ ಒಂದು ಕಂಪನಿಯಲ್ಲಿ ಅವನು ಕೆಲಸಕ್ಕಿದ್ದನು. ಕಂಪನಿಯ ಹೆಸರು ಇಲ್ಲಿ ಬೇಡ. ತಪ್ಪಿನ ಬಹುಭಾಗ ನನ್ನದೇ. ಕರೆಸಿದೆನು; ಬಂದನು; ಕಾಲುಮುಟ್ಟಿ ನಮಸ್ಕಾರ ಮಾಡಿದನು. “ನೂರಕ್ಕೆ ಬರೀ ಎರಡೂಕಾಲು ರೂಪಾಯಿ ಮೇಷ್ಟರೇ, ಅಷ್ಟೇ” ಎಂದನು. ಅಷ್ಟೇ ಎಂಬ ಅವ್ಯಯಕ್ಕೆ ನಾನು ಅರ್ಥವಿಚಾರ ಮಾಡಲಿಲ್ಲ. ಆಮೇಲೆ ಒಂದು ಅರ್ಜಿಯನ್ನು ತೆಗೆದು, ಅಂಗಡಿಯ ವಾರ್ಷಿಕ ವಹಿವಾಟು ಎಷ್ಟೆಂದು ಕೇಳಿದನು. ಅಳಿಯನು ಬಾಯಿ ತೆರೆಯುವ ಮೊದಲೇ ನಾನು, “ಇಪ್ಪತ್ತೈದು ಲಕ್ಷವೆಂದು ಬರೆಯಪ್ಪ” ಎಂದೆನು. ನಿಜವಾದ ವಹಿವಾಟು ಹದಿನೆಂಟು ಲಕ್ಷ. ಶಿಷ್ಯನೆದುರಿಗೆ ನಮ್ಮ ಮನೆಯವರು ಸಣ್ಣವರಾಗಿ ಕಾಣಬಾರದೆಂಬ ಒಣ ಜಂಬವಲ್ಲದೆ ಇದಕ್ಕೆ ಬೇರೆ ಕಾರಣವಿರಲಿಲ್ಲ. ಹತ್ತೊಂಬತ್ತು ಪುಟದ ಕರಾರು ಇಂಗ್ಲಿಷಿನಲ್ಲಿತ್ತು. ಅಳಿಯನು ನನ್ನ ಮುಖ ನೋಡಿದನು, ನಾನು ತಲೆಯಾಡಿಸಿದೆನು, ಅವನು ಸಹಿ ಮಾಡಿದನು.

ಹಣ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನನಗೇ ತಡವಾಗಿ ತಿಳಿದದ್ದು. ಗಿರಾಕಿ ಕಾರ್ಡನ್ನು ಯಂತ್ರಕ್ಕೆ ಕೊಟ್ಟೊಡನೆ ಹಣ ನೇರವಾಗಿ ಅಂಗಡಿಗೆ ಬಂದುಬಿಡುವುದಿಲ್ಲ. ಗಿರಾಕಿಗೆ ಕಾರ್ಡು ಕೊಟ್ಟ ಬ್ಯಾಂಕು ಒಂದು, ಅಂಗಡಿಯ ಪರವಾಗಿ ಹಣ ವಸೂಲು ಮಾಡುವ ಬ್ಯಾಂಕು ಇನ್ನೊಂದು, ಇವೆರಡರ ನಡುವೆ ಸುದ್ದಿ ಒಯ್ಯುವ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಎಂಬ ಜಾಲಗಳು. ಎಷ್ಟೋ ವೇಳೆ ಇವುಗಳ ಜೊತೆಗೆ ಯಂತ್ರದ ಕಂಪನಿ ಬೇರೆ. ಹಿಂದೆ ಸಾಹುಕಾರರು ಊರಿಂದೂರಿಗೆ ಹುಂಡಿ ಬರೆದು ಹಣ ಮುಟ್ಟಿಸುತ್ತಿದ್ದಾಗಲೂ ನಡುವಿನವರಿಗೆ ಒಂದು ವಟ್ಟ ಸಲ್ಲುತ್ತಿತ್ತು. ಈಗ ಅದಕ್ಕೆ ಎಂ.ಡಿ.ಆರ್. ಎಂದು ಹೆಸರು. ಅದನ್ನು ಅಂಗಡಿಯವನ ಹಣದಲ್ಲಿಯೇ ಮುರಿದುಕೊಂಡು ಉಳಿದದ್ದನ್ನು ಜಮಾ ಮಾಡುತ್ತಾರೆ. ಹತ್ತು ಸಾವಿರದ ಸೀರೆಗೆ ನೂರಕ್ಕೆ ಎರಡರಂತೆ ಇನ್ನೂರು. ಆ ಇನ್ನೂರರ ಮೇಲೆ ಶೇಕಡ 18ರಂತೆ ಜಿ.ಎಸ್.ಟಿ. ಮೂವತ್ತಾರು, ಅಂಗಡಿಗೆ ಬರುವುದು 9,764 ರೂಪಾಯಿ.

ಎಲ್ಲ ಕಾರ್ಡಿಗೂ ಒಂದೇ ದರವಲ್ಲ. ಗೃಹಸ್ಥರು ಮುಖ್ಯವಾಗಿ ತಿಳಿಯಬೇಕಾದದ್ದು ಇದು. ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿ 1ರಿಂದ ಈ ವಟ್ಟವೇ ಇಲ್ಲ. ಉಳಿದ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕು 2018ರ ಜನವರಿಯಿಂದ ಮೇಲ್ಮಿತಿಯನ್ನು ಗೊತ್ತುಮಾಡಿದೆ: ಹಿಂದಿನ ಆರ್ಥಿಕ ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಯಂತ್ರದ ಮೂಲಕ ಬಂದ ಹಣಕ್ಕೆ ನೂರಕ್ಕೆ 40 ಪೈಸೆ, ಅದಕ್ಕೆ ಮೀರಿದವರಿಗೆ 90 ಪೈಸೆ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿಯಿಲ್ಲ. ಅಲ್ಲಿ ಕೇಳಿದವನು ಪಡೆಯುತ್ತಾನೆ, ಕೇಳದವನು ಕೊಡುತ್ತಾನೆ. ಹದಿನೆಂಟನ್ನು ಇಪ್ಪತ್ತೈದೆಂದು ಹೇಳಿದ ನನ್ನ ಜಂಬಕ್ಕೆ ಬೆಲೆಯೆಷ್ಟೆಂಬುದು ವಾಚಕರಿಗೆ ಈಗ ಹೊಳೆದಿರಬಹುದು.

ಮೊದಮೊದಲು ಯಾರಿಗೂ ಏನೂ ತೋರಲಿಲ್ಲ. 2025ರ ಫೆಬ್ರುವರಿ 10ರಿಂದ 12ರವರೆಗೆ ತಿರುಮಕೂಡಲಿನಲ್ಲಿ ಕುಂಭಮೇಳ ನಡೆದಾಗ ಅಂಗಡಿಯ ಮುಂದೆಯೇ ಜನಸಾಗರ. ನಮ್ಮ ಯಂತ್ರವಂತೂ ಸಂಕೇತ ಸಿಕ್ಕದೆ ಸುಮ್ಮನೆ ತಿರುಗುತ್ತ ಕುಳಿತಿತ್ತು. ಪಂಚೆ ಟವಲು ಕೊಂಡವರು ನೋಟನ್ನೇ ಕೊಟ್ಟು ಹೋದರು. ಅದನ್ನು ವಿನೋದವಾಗಿ ಮಾತಾಡಿಕೊಂಡೆವು.

ವಿನೋದ ನಿಂತದ್ದು ವೈಶಾಖಮಾಸದಲ್ಲಿ. ಬೆಂಗಳೂರಿನಿಂದ ಬಂದ ಒಂದು ಮದುವೆಯ ಮನೆಯವರು ಮೂವತ್ತೆಂಟು ಸಾವಿರದ ಜವಳಿಯನ್ನು ಒಂದೇ ಕಾರ್ಡಿನಲ್ಲಿ ತೆಗೆದರು. ಮರುದಿನ ಬರಬೇಕಾದ ಹಣ ಬರಲಿಲ್ಲ. ಮೂರನೆಯ ದಿನ ಒಂದು ಸಂದೇಶ ಬಂದಿತು: ಮೊತ್ತವು ವಾಡಿಕೆಗೆ ಮೀರಿದ್ದರಿಂದ ತಡೆಹಿಡಿಯಲಾಗಿದೆ, ಕಾಗದಪತ್ರ ಕಳುಹಿಸಬೇಕು. ಬಿಲ್ಲು ಕಳುಹಿಸಿದನು, ಅಂಗಡಿಯ ಭಾವಚಿತ್ರ ಕಳುಹಿಸಿದನು. ಆಮೇಲೆ, ಅರ್ಜಿಯಲ್ಲಿ ಬರೆದ ಇಪ್ಪತ್ತೈದು ಲಕ್ಷದ ವಹಿವಾಟಿಗೆ ಆಧಾರ ಕೊಡಿರೆಂದರು. ಇಲ್ಲದ ಲಕ್ಷಗಳಿಗೆ ಆಧಾರವೆಲ್ಲಿಂದ ಬರಬೇಕು? ಚಿಕ್ಕಪೇಟೆಯ ಸಗಟು ವ್ಯಾಪಾರಿಗೆ ಮೂವತ್ತು ಸಾವಿರ ಕೊಡುವ ವಾಯಿದೆ ಅದೇ ವಾರ. ಇಪ್ಪತ್ತಮೂರು ದಿನ ಕಳೆದ ಮೇಲೆ ಹಣ ಬಂದಿತೆನ್ನಿ. ಆದರೆ ಆ ನಡುವೆ ನಾನು ಒಂದು ದಿನ ಅವರ ಮನೆಗೆ ಹೋದಾಗ, ತಂಗಿ ಕಾಫಿಯ ಲೋಟವನ್ನು ಮುಂದಿಟ್ಟಳು, ಕೈಯಲ್ಲಿ ಬಳೆಯಿರಲಿಲ್ಲ. ನಮ್ಮ ತಾಯಿ ಅವಳಿಗೆ ಕೊಟ್ಟಿದ್ದ ಬಳೆಗಳು ಅವು. ವೈಧವ್ಯದಲ್ಲಿಯೂ ಮಗನ ಒತ್ತಾಯಕ್ಕೆ ತೊಟ್ಟುಕೊಂಡಿದ್ದಳು.

“ಬಳೆಯೆಲ್ಲಿ?” ಎಂದೆನು.

“ಸ್ವಲ್ಪ ಸಡಿಲವಾಗಿತ್ತು ಅಣ್ಣ, ಒಳಗೆ ಇಟ್ಟಿದ್ದೇನೆ” ಎಂದಳು.

ಅಳಿಯನು ತಲೆ ತಗ್ಗಿಸಿದನು. ಬ್ಯಾಂಕಿನಲ್ಲಿ ಅಡವಿಟ್ಟಿದ್ದರೆಂಬುದು ನನಗೆ ಅವನ ಹೆಂಡತಿಯಿಂದ ತಿಳಿಯಿತು. ಅವರಲ್ಲಿ ಒಬ್ಬರಾದರೂ ನನ್ನನ್ನು ಒಂದು ಮಾತು ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ರಾತ್ರಿ ನಂಜನಗೂಡಿಗೆ ಹಿಂದಿರುಗಿದವನು ಕರಾರಿನ ಪ್ರತಿಯನ್ನು ಹಿಡಿದು, ದೀಪದ ಮುಂದೆ, ಭೂತಗನ್ನಡಿಯಿಟ್ಟು ಓದಲು ತೊಡಗಿದೆನು. ಮೂರು ದಿನ ಹಿಡಿಯಿತು. ಭಾಷ್ಯಗಳನ್ನು ಪಾಠ ಹೇಳುವಾಗ, “ತು ಎಂಬ ಒಂದಕ್ಷರವನ್ನು ಬಿಟ್ಟರೆ ಸಿದ್ಧಾಂತವೇ ಪೂರ್ವಪಕ್ಷವಾಗುತ್ತದೆ” ಎಂದು ಹುಡುಗರನ್ನು ಗದರಿಸುತ್ತಿದ್ದವನು ನಾನು. ಆ ಕರಾರಿನಲ್ಲಿ ಪ್ರತಿಯೊಂದು ಒಳ್ಳೆಯ ಮಾತಿನ ಬೆನ್ನಿಗೂ ಒಂದು “ಆದರೆ” ಇತ್ತು. ಎರಡೂಕಾಲು ನಿಜ, ಆದರೆ ಯಂತ್ರಕ್ಕೆ ತಿಂಗಳಿಗೆ 600 ರೂಪಾಯಿ ಬಾಡಿಗೆ ಬೇರೆ, ಅದಕ್ಕೆ ತೆರಿಗೆ ಬೇರೆ. ಮರುದಿನ ಹಣ ಕೊಡುವುದು ನಿಜ, ಆದರೆ ಅನುಮಾನ ಬಂದರೆ ತಡೆಯುವ ಅಧಿಕಾರ ಕಂಪನಿಯದು. ಯಾವಾಗ ಬೇಕಾದರೂ ಬಿಡಬಹುದು, ಆದರೆ ವರ್ಷ ತುಂಬುವ ಮೊದಲು ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆಯನ್ನೆಲ್ಲ ಎಣಿಸಬೇಕು. ನಮ್ಮ ಮೈಸೂರಿನಲ್ಲಿಯೇ ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಅರ್ಥಶಾಸ್ತ್ರದಲ್ಲಿ, ತಿಂಗಳಿಗೆ ನೂರಕ್ಕೆ ಒಂದೂಕಾಲು ಪಣ ಧರ್ಮ್ಯವಾದ ಬಡ್ಡಿ, ವ್ಯಾಪಾರಿಗಳಲ್ಲಿ ಐದು ಎಂದು ಕೌಟಿಲ್ಯನು ದರ ಕಟ್ಟಿರುವುದನ್ನು ನಾನು ಎಷ್ಟೋ ಸಲ ಸಭೆಗಳಲ್ಲಿ ಹೇಳಿ ಚಪ್ಪಾಳೆ ಪಡೆದಿದ್ದೇನೆ. ಮನೆಯ ಬಾಗಿಲಿಗೆ ಬಂದ ದರವನ್ನು ವಿಚಾರಿಸಲಿಲ್ಲ.

ಮರುವಾರ ಅಳಿಯನ ಅಂಗಡಿಗೆ ಹೋಗಿ, “ಯಾವ ಯಂತ್ರ ಒಳ್ಳೆಯದೆಂದು ಆಮೇಲೆ ನೋಡೋಣ ಕಣಯ್ಯ, ಮೊದಲು ನಿನ್ನ ಲೆಕ್ಕದ ಪುಸ್ತಕ ತೆಗೆ” ಎಂದೆನು. ಸಾಧಾರಣವಾದ ಒಂದು ತಿಂಗಳನ್ನು ಆರಿಸಿ ಇಬ್ಬರೂ ಕುಳಿತು ವಿಂಗಡಿಸಿದೆವು. ಒಟ್ಟು ವ್ಯಾಪಾರ ಒಂದೂವರೆ ಲಕ್ಷ. ಅದರಲ್ಲಿ ಯುಪಿಐಯಿಂದ 80,000, ನಗದು 44,000, ಕಾರ್ಡಿನಿಂದ ಬಂದದ್ದು 26,000 ಮಾತ್ರ. ಆ ಕಾರ್ಡುಗಳಲ್ಲಿಯೂ ರುಪೇ ಡೆಬಿಟ್ 4,000, ಬೇರೆ ಡೆಬಿಟ್ 8,000, ಕ್ರೆಡಿಟ್ 14,000. ಇನ್ನು ಖರ್ಚು: ಕ್ರೆಡಿಟ್ಟಿಗೆ 315, ಡೆಬಿಟ್ಟಿಗೆ ನನ್ನ ಜಂಬದ ದರದಲ್ಲಿ 72, ಇವೆರಡರ ಮೇಲೆ ತೆರಿಗೆ ಸುಮಾರು 70, ಬಾಡಿಗೆ ತೆರಿಗೆ ಸೇರಿ 708. ಒಟ್ಟು 1,165. ತ್ರೈರಾಶಿಕ ಹಾಕಿ ನೋಡಿದರೆ, ನೂರಕ್ಕೆ ಎರಡೂಕಾಲು ಎಂದು ನಂಬಿದ್ದದ್ದು ನಾಲ್ಕೂವರೆಗೆ ಮುಟ್ಟಿತ್ತು! ಜವಳಿಯಲ್ಲಿ ಅವನಿಗೆ ಎಲ್ಲ ಕಳೆದು ಉಳಿಯುವುದು ನೂರಕ್ಕೆ ಹನ್ನೆರಡು. ಕಾರ್ಡಿನ ವ್ಯಾಪಾರದ ಲಾಭದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಯಂತ್ರದ ಬಾಯಿಗೆ ಹೋಗುತ್ತಿತ್ತು. ಅದರಲ್ಲಿಯೂ ಎಲ್ಲರೂ ಜಗ್ಗಾಡುವ ಶೇಕಡದ ದರಕ್ಕಿಂತ, ಯಾರೂ ಮಾತೆತ್ತದ ಬಾಡಿಗೆಯೇ ದೊಡ್ಡ ಕಳ್ಳ. ತಿಂಗಳಿಗೆ ಎರಡು ಲಕ್ಷ ಕಾರ್ಡಿನಲ್ಲಿ ನಡೆಸುವವನಿಗೆ ಆ 708 ಲೆಕ್ಕಕ್ಕಿಲ್ಲ; 26,000 ನಡೆಸುವವನಿಗೆ ಅದೇ ಹೊರೆ.

ತಿರುಮಕೂಡಲಿನ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿರುವುದನ್ನೂ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಹಿರಿಯರು ಹೇಳುವುದನ್ನೂ ನಮ್ಮ ಕಡೆಯವರೆಲ್ಲ ಬಲ್ಲರು. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದೂ ಅದೇ ಬೀಜದಿಂದ. ದೊಡ್ಡ ತೂಕದಲ್ಲಿ ಕಾಣದ ವ್ಯತ್ಯಾಸ ಸಣ್ಣ ತೂಕದಲ್ಲಿಯೇ ಕಾಣುವುದೆಂಬುದು ಅಂದು ಆ ಲೆಕ್ಕದ ಪುಸ್ತಕದ ಮುಂದೆ ನನಗೆ ಹೊಳೆಯಿತು.

ಅಳಿಯನು ಆತುರದಿಂದ, “ಹಾಗಾದರೆ ಕಾರ್ಡು ಕೊಟ್ಟವರಿಂದ ನೂರಕ್ಕೆ ಎರಡು ಹೆಚ್ಚು ತೆಗೆದುಕೊಂಡರಾಯಿತು” ಎಂದು ಒಂದು ವಾರ ಹಾಗೆಯೇ ಮಾಡಿದನು. ಡೆಬಿಟ್ ಕಾರ್ಡಿನ ವಟ್ಟವನ್ನು ಗಿರಾಕಿಯ ತಲೆಗೆ ಕಟ್ಟಕೂಡದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆಯೆಂದು ನಾನು ಹೇಳುವಷ್ಟರಲ್ಲಿಯೇ, ಒಬ್ಬ ಗೃಹಿಣಿ ಆರಿಸಿದ್ದ ಸೀರೆಯನ್ನು ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದರು. ಅಲ್ಲಿಗೆ ಅದು ನಿಂತಿತು. ಜುಲೈ ತಿಂಗಳಿನಲ್ಲಿ, ಯುಪಿಐ ಲೆಕ್ಕವನ್ನು ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟರೆಂಬ ಗದ್ದಲವೆದ್ದಾಗ, ಕ್ಯೂಆರ್ ಫಲಕವನ್ನೇ ಕಿತ್ತುಹಾಕಲು ಹೊರಟಿದ್ದನು. ಸರಕು ಮಾರುವವರಿಗೆ ಜಿ.ಎಸ್.ಟಿ. ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ನಿನ್ನದು ಹದಿನೆಂಟು, ನಿಜವಾದ ಲೆಕ್ಕವಿಟ್ಟವನಿಗೆ ಹೆದರಿಕೆಯೇಕೆ ಎಂದು ತಡೆದೆನು. ನಿಜವಾದ ಲೆಕ್ಕದ ಮಾತು ನನ್ನ ಬಾಯಿಂದ ಬಂದಾಗ ಅವನು ಸ್ವಲ್ಪ ನಕ್ಕನು. ನಗಲಿ; ಆ ಹಕ್ಕು ಅವನಿಗುಂಟು.

ವರ್ಷ ತುಂಬಿದ ಮೇಲೆ, 2025ರ ದೀಪಾವಳಿಯ ಹೊತ್ತಿಗೆ, ಹಳೆಯ ಯಂತ್ರವನ್ನು ಹಿಂದಿರುಗಿಸಿ ರಸೀತಿ ಪಡೆದೆವು. ಆ ಹನ್ನೆರಡು ತಿಂಗಳಿಗೆ ಹದಿನಾಲ್ಕು ಸಾವಿರದ ಹತ್ತಿರ ಹೋಗಿತ್ತು. ಹೊಸದಕ್ಕೆ ಮೂರು ಕಡೆ ವಿಚಾರಿಸಿದೆವು. ಒಬ್ಬರು ಯಂತ್ರವನ್ನು ಕ್ರಯಕ್ಕೇ ಕೊಡುತ್ತೇವೆ, ಬಾಡಿಗೆಯಿಲ್ಲವೆಂದರು. ಕೆಟ್ಟರೆ ರಿಪೇರಿ ಯಾರದೆಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಇನ್ನೊಬ್ಬರು ಯಂತ್ರವೇ ಬೇಡ, ಗಿರಾಕಿಗೆ ಫೋನಿನಲ್ಲಿ ಕೊಂಡಿ ಕಳುಹಿಸಿದರೆ ಸಾಕೆಂದರು. ಮದುವೆಯ ಜವಳಿಗೆ ಬಂದ ಹತ್ತು ಜನರ ನಡುವೆ ಅದು ಆಗದ ಕೆಲಸ. ಕಡೆಗೆ, ಅಳಿಯನ ಚಾಲ್ತಿ ಖಾತೆಯಿರುವ ಬ್ಯಾಂಕಿನ ಶಾಖೆಯನ್ನೇ ಒಪ್ಪಿಕೊಂಡೆವು: ಕ್ರೆಡಿಟ್ಟಿಗೆ 1.90, ಡೆಬಿಟ್ಟಿಗೆ 0.40, ಬಾಡಿಗೆ 200, ಖಾತೆಯಲ್ಲಿ ಯಾವಾಗಲೂ 25,000 ಉಳಿದಿರಬೇಕು. ಚಾಲ್ತಿ ಖಾತೆಗೆ ಬಡ್ಡಿ ಬಾರದು, ಆದಕಾರಣ ಅದನ್ನೂ ಖರ್ಚೆಂದೇ ಎಣಿಸಬೇಕೆಂದು ನಾನು ವಾದಿಸಿದೆನು. ಅಷ್ಟು ಹಣ ಹೇಗೂ ಅಲ್ಲಿರುತ್ತದೆ ಎಂದು ಅವನು ವಾದಿಸಿದನು. ಅವನೇ ಗೆದ್ದನೆಂದಿಟ್ಟುಕೊಳ್ಳೋಣ. ಮ್ಯಾನೇಜರರು ಮೇಜಿನ ಆಚೆ ಕಾಣುವಂತೆ ಕುಳಿತಿರುತ್ತಾರೆ, ಹಣ ತಡೆದರೆ ಹೋಗಿ ಕೇಳಬಹುದು ಎಂಬುದೇ ನನ್ನ ಪಾಲಿಗೆ ಮುಖ್ಯವಾಗಿತ್ತು. ಅರ್ಜಿಯಲ್ಲಿ ವಹಿವಾಟಿನ ಅಂಕಣ ಬಂದಾಗ ಅಳಿಯನು ನನ್ನ ಕಡೆ ನೋಡದೆ ಹದಿನೆಂಟು ಲಕ್ಷವೆಂದು ಬರೆದನು.

ಹೊಸ ದರದಲ್ಲಿ ಅದೇ 26,000ಕ್ಕೆ ಖರ್ಚು ತೆರಿಗೆ ಸೇರಿ 588. ನೂರಕ್ಕೆ ಎಷ್ಟಾಯಿತೆಂದು ಭಾಗಿಸಿದರೆ 2.26, ಎಂದರೆ ಶಿಷ್ಯನು ಮೊದಲ ದಿನ ಹೇಳಿದ ಎರಡೂಕಾಲೇ!

ಆ ಶಿಷ್ಯನನ್ನು ಮೊನ್ನೆ ಶ್ರೀಕಂಠೇಶ್ವರನ ದೇವಸ್ಥಾನದ ಮುಂದೆ ಕಂಡೆನು. ಈಗ ಬೇರೆ ಕೆಲಸದಲ್ಲಿದ್ದಾನೆ. ಎಂದಿನಂತೆ ನಮಸ್ಕರಿಸಿದನು. ನಡೆದದ್ದನ್ನು ಹೇಳಿದೆನು. ಮುಖ ಸಪ್ಪಗಾಯಿತು. “ಬಾಡಿಗೆ ಕರಾರಿನಲ್ಲಿ ಬರೆದಿತ್ತು ಮೇಷ್ಟರೇ. ನೀವು ಓದದೆ ಸಹಿ ಹಾಕಿಸುತ್ತೀರೆಂದು ನನಗೆ ತೋಚಲೇ ಇಲ್ಲ” ಎಂದನು. ಅದು ನಿಜವೋ ಜಾಣತನವೋ ನಾನರಿಯೆ, ಉತ್ತರವಂತೂ ನನ್ನಲ್ಲಿರಲಿಲ್ಲ. ಇಬ್ಬರೂ ಪ್ರಸಾದ ತೆಗೆದುಕೊಂಡು ಬೇರೆ ಬೇರೆ ದಾರಿ ಹಿಡಿದೆವು.

ಬಳೆಗಳು ಬಿಡಿಸಿ ಬಂದಿವೆ. ತಂಗಿ ತೊಟ್ಟುಕೊಂಡಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಅಳಿಯನು ಪ್ರತಿ ತಿಂಗಳೂ ಬ್ಯಾಂಕಿನ ಲೆಕ್ಕದ ಹಾಳೆಯನ್ನು ನನಗೆ ಕಳುಹಿಸುತ್ತಾನೆ. ನಾನು ಭೂತಗನ್ನಡಿ ಹಿಡಿದು ಸಾಲುಸಾಲಾಗಿ ಕೂಡುತ್ತೇನೆ. ಈ ತಿಂಗಳ ಹಾಳೆಯಲ್ಲಿ ನಾಲ್ಕು ರೂಪಾಯಿ ಹನ್ನೆರಡು ಪೈಸೆ ಕೂಡಿಬಂದಿಲ್ಲ. ಸೋಮವಾರದ ಬಸ್ಸಿಗೆ ಹೊರಟು ವಿಚಾರಿಸಬೇಕು.