ದುರಸ್ತಿಗೆ ಮುನ್ನ ಪಡಿಯಚ್ಚು

ವಿದ್ಯುತ್ ಕಡಿತದಿಂದ ಕಂಪ್ಯೂಟರ್ ಥಟ್ಟನೆ ನಿಂತಾಗ, ಯಾವ ಕಡತದ ಭಾಗಗಳು ಡಿಸ್ಕಿನಲ್ಲಿ ಎಲ್ಲೆಲ್ಲಿವೆ ಎಂಬುದನ್ನು ದಾಖಲಿಸುವ ಏರ್ಪಾಡು, ಅಂದರೆ ಫೈಲ್ ಸಿಸ್ಟಮ್, ಅರೆಬರೆ ಬರೆದ ಸ್ಥಿತಿಯಲ್ಲಿ ಉಳಿಯಬಹುದು. 1993ರಲ್ಲಿ ಬಂದ ಎನ್‌ಟಿಎಫ್‌ಎಸ್, 2008ರಲ್ಲಿ ಸ್ಥಿರಗೊಂಡ ಲಿನಕ್ಸ್‌ನ ಇಎಕ್ಸ್‌ಟಿ4 ಮೊದಲಾದವು ಮಾಡಲಿರುವ ಬದಲಾವಣೆಯನ್ನು ಜರ್ನಲ್ ಎಂಬ ದಿನಚರಿಯಲ್ಲಿ ಮೊದಲೇ ಬರೆದಿಟ್ಟು, ಮರುಚಾಲನೆಯಲ್ಲಿ ಅದನ್ನು ಪೂರ್ಣಗೊಳಿಸುತ್ತವೆ ಇಲ್ಲವೇ ಕೈಬಿಡುತ್ತವೆ. ಆದರೆ ಈ ರಕ್ಷಣೆ ಮುಖ್ಯವಾಗಿ ರಚನೆಗೆ ಸಂಬಂಧಿಸಿದ್ದು, ಕಡತದೊಳಗಿನ ಕೊನೆಯ ಸಾಲುಗಳಿಗೆ ಅದರ ಭರವಸೆಯಿಲ್ಲ.

ಬಾದಾಮಿಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಕ್ರಿ.ಶ. 543ರ ಶಾಸನದಂಥ ಬರಹಗಳನ್ನು ವಿದ್ವಾಂಸರು ಕಲ್ಲಿಗೆ ಉಳಿ ತಾಗಿಸದೆ, ಒದ್ದೆ ಕಾಗದ ಒತ್ತಿ ಮಸಿ ಹಚ್ಚಿ ತೆಗೆದ ಪಡಿಯಚ್ಚಿನಲ್ಲಿ ಓದುವಂತೆ, ಕೆಟ್ಟ ಡಿಸ್ಕಿನ ವಿಷಯದಲ್ಲೂ ಮೊದಲು ಇಡೀ ಡಿಸ್ಕಿನ ಪ್ರತಿಯನ್ನು ತೆಗೆದು, ಎಫ್‌ಎಸ್‌ಸಿಕೆ ಎಂಬ ತಪಾಸಣಾ ಸಾಧನವನ್ನು ಆ ಪ್ರತಿಯ ಮೇಲೆ ನಡೆಸುವುದೇ ಸರಿ, ಏಕೆಂದರೆ ಆ ಸಾಧನವು ರಚನೆಯನ್ನು ಸರಿಪಡಿಸುವ ಭರದಲ್ಲಿ ಹೊಂದದ ದಾಖಲೆಗಳನ್ನು ಅಳಿಸಲೂಬಹುದು. ಹೆಸರು ಕಳೆದುಕೊಂಡ ತುಣುಕುಗಳನ್ನು ಅದು ‘ಲಾಸ್ಟ್+ಫೌಂಡ್’ ಎಂಬ ಕಡತಕೋಶದಲ್ಲಿ ಬರಿಯ ಸಂಖ್ಯೆಗಳಡಿ ಇರಿಸುತ್ತದೆ. ಇಳಕಲ್ ಅಥವಾ ಹುನಗುಂದದ ಅಂಗಡಿಯೊಂದರ ವರ್ಷದ ಲೆಕ್ಕವೋ ಸೀರೆಯಂಚಿನ ವಿನ್ಯಾಸವೋ ಅಲ್ಲಿ ಇರಬಹುದಾದ್ದರಿಂದ, ಒಂದೊಂದನ್ನೂ ತೆರೆದು ನೋಡುವ ತಾಳ್ಮೆ ಅತ್ಯಗತ್ಯ.