ಎಲೆಕ್ಟಿವ್‌ಗೆ ಎಲ್ಲಿ ಹೋಗ್ಲಿ ಅಣ್ಣಾ?

ಚಿಕ್ಕಪ್ಪನ ಮಗಳು ಎಂಬಿಬಿಎಸ್ ಕೊನೆಯ ವರ್ಷಕ್ಕೆ ಹೋಗುವ ಮುಂಚೆ ಎಲೆಕ್ಟಿವ್ ಮುಗಿಸಬೇಕು. ಅಂದರೆ ಏನು ಕಲಿಯಬೇಕು ಅಂತ ತಾನೇ ಆರಿಸಿಕೊಳ್ಳುವ ಅವಕಾಶ. 2019ರ ಹೊಸ ಪಠ್ಯಕ್ರಮ ಇದನ್ನು ತಂದಾಗ ಎರಡು ತಿಂಗಳಿತ್ತು, ಈಗ 15 ದಿನಗಳ ಎರಡು ಕಂತು. ಮೊದಲ ಕಂತು ಕಾಲೇಜಿನ ಲ್ಯಾಬಿನಲ್ಲೇ ಮುಗಿಯಿತು. ಎರಡನೆಯದಕ್ಕೆ ಆಸ್ಪತ್ರೆಯ ಯಾವುದಾದರೂ ವಿಭಾಗ, ಇಲ್ಲವೇ ಹಳ್ಳಿಯ ಕ್ಲಿನಿಕ್ಕು. "ಎಲ್ಲಿ ಹೋಗ್ಲಿ ಅಣ್ಣಾ?" ಅಂತ ಫೋನು ಮಾಡಿದಳು.

ಚಿಕ್ಕಪ್ಪನದು ಒಂದೇ ಹಟ. "ಬೆಂಗಳೂರಲ್ಲಿ ಹಾರ್ಟ್ ಡಿಪಾರ್ಟ್‌ಮೆಂಟ್ ನೋಡ್ಕೊಂಡು ಬರ್ಲಿ. ಹಳ್ಳಿ ಕ್ಲಿನಿಕ್ ನೋಡೋಕೆ ಇಷ್ಟು ಫೀಸು ಕಟ್ಬೇಕಿತ್ತಾ?" ತೋಟ ಅಡವಿಟ್ಟವರು, ಕೇಳುವ ಹಕ್ಕಿದೆ. ಇವಳಿಗೆ ಮುಂದೆ ಫ್ಯಾಮಿಲಿ ಮೆಡಿಸಿನ್ ಮಾಡುವ ಆಸೆ. ಅದಕ್ಕೂ ಮೂರು ವರ್ಷದ ಡಿಎನ್‌ಬಿ ಇದೆ ಅಂದರೆ, "ಜನರಲ್ ಡಾಕ್ಟರ್ ಆಗೋಕೆ ಮತ್ತೆ ಮೂರು ವರ್ಷವಾ?" ಅನ್ನುತ್ತಾರೆ.

ನಮ್ಮೂರಿನ ಹಳೆ ಡಾಕ್ಟರು ಕ್ಲಿನಿಕ್ಕು ಮುಚ್ಚಿ ಆರು ವರ್ಷವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಅಡಿಕೆ ಕೊಯ್ಲು ಶುರುವಾದರೆ ಅಜ್ಜಿ ಬಿಪಿ ಮಾತ್ರೆ ಮರೆಯುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು, ಅಡಿಕೆ ಸುಲಿಯುವಲ್ಲಿಗೇ ಹೇಳಿ ಕಳಿಸುತ್ತಿದ್ದರು. ಈಗ ಪೇಟೆಯಲ್ಲಿ ಪ್ರತಿ ಸಲ ಹೊಸ ಡಾಕ್ಟರು, ಹೊಸ ಚೀಟಿ. ಅಜ್ಜಿಯ ಫೈಲು ದಪ್ಪವಾಗಿದೆ, ಬಿಪಿ ಇಳಿದಿಲ್ಲ.

ಇವಳ ಮೊದಲ ಆಸೆ ಬಿಳಿಗಿರಿರಂಗನ ಬೆಟ್ಟ. 1981ರಲ್ಲಿ ಡಾ. ಸುದರ್ಶನ್ ಸೋಲಿಗರ ನಡುವೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇರುವುದು ಅಲ್ಲೇ. ಒಳ್ಳೆಯ ಜಾಗವೇ. ಆದರೆ ಕಾಲೇಜು ಒಪ್ಪುವ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿದ್ದ ಹಳ್ಳಿ ಆಸ್ಪತ್ರೆಗಳಲ್ಲಿ ಒಂದನ್ನು ಆರಿಸಬೇಕಿತ್ತು. "ಎಷ್ಟು ಬೆಡ್ಡು ಅಂತ ಕೇಳ್ಬೇಡ, ಡಾಕ್ಟರು ಎಷ್ಟು ವರ್ಷದಿಂದ ಅಲ್ಲೇ ಇದಾರೆ ಅಂತ ಕೇಳು" ಅಂದೆ. ಹನ್ನೊಂದು ವರ್ಷದಿಂದ ಇರುವವರೊಬ್ಬರು ಸಿಕ್ಕರು.

ತೊಡಕು ಅಂದರೆ 15 ದಿನ. ತಿಂಗಳ ಮಾತ್ರೆ ಒಯ್ದವರು ಅಷ್ಟರಲ್ಲಿ ಮರಳಿ ಬರುವುದಿಲ್ಲ. ವರದಿಗೆ ಹೋದಾಗ ನಾನು ಮಾಡುವುದನ್ನೇ ಹೇಳಿದೆ: ಬಂದವರನ್ನು ನೋಡಿದ ಮೇಲೆ ಬಾರದವರನ್ನು ಹುಡುಕು. ಮೊದಲ ದಿನವೇ ಬಿಪಿ, ಶುಗರ್ ರಿಜಿಸ್ಟರು ತೆಗೆಸಿ, ಹೋದ ತಿಂಗಳು ಮಾತ್ರೆಗೆ ಬಾರದವರ ಹೆಸರು ಬರೆದುಕೊಂಡು, ಆಶಾ ಅಕ್ಕನ ಜೊತೆ ಅವರ ಮನೆಗೆ ಹೋಗುವುದು. ಎರಡನೇ ವಾರ ಅದೇ ಮನೆಗಳಿಗೆ ಇನ್ನೊಮ್ಮೆ. ತಾರೀಕನ್ನೂ ಹೊಂದಿಸಿಕೊಂಡಳು. 9ಕ್ಕೆ ಬಸುರಿಯರ ತಪಾಸಣೆ, ಗುರುವಾರ ಲಸಿಕೆ, ಎರಡೂ ಒಳಗೆ ಬರುವ ಹಾಗೆ.

ಕಾಲೇಜಿನ ಸಹಿ ಮೊನ್ನೆ ಬಂತು. ಚಿಕ್ಕಪ್ಪನಿಗೆ ಹೇಳುವ ಕೆಲಸ ನನ್ನ ತಲೆಗೆ ಬಿದ್ದಿದೆ. ಭಾನುವಾರ ಊರಿಗೆ ಹೋಗುತ್ತಿದ್ದೇನೆ, ಅಜ್ಜಿಯ ಫೈಲನ್ನೂ ಎದುರಿಗಿಟ್ಟುಕೊಂಡೇ ಮಾತಾಡಬೇಕು.